ಐಸ್ ಫ್ಯಾಕ್ಟರಿಯ ಲಾರಿ

ಐಸ್ ಫ್ಯಾಕ್ಟರಿಯವರು ತಮ್ಮ ಹಳೇ ಲಾರಿ ಮಾರುತ್ತಾರಂತೆ ಎಂಬ ಸುದ್ದಿಯನ್ನು ಗ್ಯಾರೇಜಿನ ಮೇಸ್ತ್ರಿ ಎರಡು ದಿನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ. ಮೂರನೆಯ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ, ಅನ್ನದ ಮೇಲೆ ಸೊಪ್ಪು ಬೀಳುವುದಕ್ಕೂ ಮೊದಲೇ ಬಾಯಿಬಿಟ್ಟ.

"ಹೋಗಿ ನೋಡ್ಕೊಂಡು ಬಂದೆ. ಇಂಜಿನ್ ಗಟ್ಟಿ ಇದೆ. ಶಬ್ದ ಕೇಳಿದ್ರೆ ಹನ್ನೊಂದು ವರ್ಷದ ಗಾಡಿ ಅಂತ ಯಾರೂ ಹೇಳಲ್ಲ."

"ನೋಡಿದ್ರೆ ಹೇಳ್ತಾರಲ್ಲ," ಎಂದಳು ಮಗಳು. "ನಾನು ದಿನಾ ಬಸ್ಸಿಂದ ನೋಡ್ತೀನಿ ಅದನ್ನ. ಮೈತುಂಬಾ ತುಕ್ಕು. ಕಜ್ಜಿ ಹಿಡಿದ ನಾಯಿ ಥರ ಗೇಟಿನ ಹತ್ರ ನಿಂತಿರುತ್ತೆ."

"ತುಕ್ಕು ಮೇಲ್ಮೇಲೆ."

"ಮೇಲೇ ಅಷ್ಟಿದ್ರೆ ಒಳಗೆಷ್ಟಿರಬೇಕು?"

ಮೂಲೆಯ ಸ್ಟೂಲಿನ ಮೇಲೆ ಕೂತು ಅನ್ನ ಕಿವುಚುತ್ತಿದ್ದ ಅಜ್ಜಿ ತಲೆಯೆತ್ತಿದಳು. ಆಕೆ ಮೇಸ್ತ್ರಿಯ ತಾಯಿ. ಎಂಬತ್ತು ದಾಟಿತ್ತು. ತನಗೆ ಬೇಕಾದ ಮಾತು ಮಾತ್ರ ಕೇಳಿಸುವಂಥ ಕಿವಿ.

"ಯಾರಿಗೋ ಸುಕ್ಕು?"

"ಸುಕ್ಕಲ್ಲ ಅವ್ವ, ತುಕ್ಕು. ಲಾರಿಗೆ."

"ನನಗೆ ಸುಕ್ಕೂ ಇದೆ, ತುಕ್ಕೂ ಇದೆ. ಯಾರಾದ್ರೂ ಕೊಂಡ್ಕೋತಾರಾ ಕೇಳು."

ಮಗಳು ನಕ್ಕಳು. ಅವಳ ಅಣ್ಣ ನಗಲಿಲ್ಲ. ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಎರಡು ಹೋಳು ಮಾಡಿ, ಮತ್ತೆ ಎರಡು ಹೋಳು ಮಾಡಿದ. ಮನೆಯಲ್ಲಿ ಅವನನ್ನು ದೊಡ್ಡೋನು, ತಂಗಿಯನ್ನು ಚಿಕ್ಕೋಳು ಎಂದು ಕರೆಯುತ್ತಿದ್ದರು. ಅವನಿಗೆ ಮೂವತ್ತೊಂದು, ಅವಳಿಗೆ ಇಪ್ಪತ್ತಾರು. ಲಾರಿ ಯಾರಿಗೆ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಮೂರೂವರೆ ವರ್ಷದ ಹಿಂದೆ ಅವರ ಮನೆಯಲ್ಲೇ ಒಂದು ಲಾರಿ ಇತ್ತು. ದೊಡ್ಡೋನು ಓಡಿಸುತ್ತಿದ್ದ, ಮೇಸ್ತ್ರಿ ರಿಪೇರಿ ನೋಡಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ಸಿಮೆಂಟ್ ಹೇರಿಕೊಂಡು ನೂಲಿನ ಗಿರಣಿಯ ಇಳಿಜಾರು ಇಳಿಯುವಾಗ ಬ್ರೇಕ್ ಹಿಡಿಯಲಿಲ್ಲ. ಗೋಡೆಗೆ ಗುದ್ದಿಸಿ ನಿಲ್ಲಿಸೋಣವೆಂದು ಅವನು ಎಡಕ್ಕೆ ತಿರುಗಿಸಿದ. ಅದೇ ಪಕ್ಕದಲ್ಲಿ ಪಾಳಿಗೆ ಹೊರಟಿದ್ದ ಒಬ್ಬ ಹೆಂಗಸು ಸೈಕಲ್ಲಿನಲ್ಲಿ ಹೋಗುತ್ತಿದ್ದಳು. ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡಳು. ಬ್ರೇಕ್ ಪೈಪು ತುಕ್ಕು ತಿಂದು ಒಡೆದಿದೆ ಎಂದು ಇನ್‌ಸ್ಪೆಕ್ಟರು ಬರೆದರು. "ಪೈಪು ಕೆಟ್ಟದ್ದು ನಿನಗೆ ಗೊತ್ತಿತ್ತಾ?" ಎಂದು ಜಡ್ಜ್ ಕೇಳಿದಾಗ ದೊಡ್ಡೋನು, "ಗೊತ್ತಿತ್ತು. ಅಪ್ಪನಿಗೆ ತೋರಿಸಬೇಕು ಅಂದುಕೊಂಡಿದ್ದೆ. ಲೋಡಿನ ಅವಸರದಲ್ಲಿ ಮುಂದಕ್ಕೆ ಹಾಕಿದೆ," ಎಂದ. ಎರಡು ವರ್ಷ ಶಿಕ್ಷೆಯಾಯಿತು. ಲಾರಿ ಗುಜರಿಗೆ ಹೋಯಿತು. ಅವನು ಹೊರಬಂದು ನಾಲ್ಕು ತಿಂಗಳಾಗಿತ್ತು. ಲೈಸೆನ್ಸ್ ವಾಪಸು ಸಿಕ್ಕಿ ಹತ್ತು ದಿನ. ಅದಕ್ಕೆ ಕ್ಯೂ ನಿಂತವನೂ ಮೇಸ್ತ್ರಿಯೇ.

"ದುಡಿಯೋ ಹುಡುಗ ಎಷ್ಟು ದಿನ ಅಂತ ಮನೇಲಿ ಕಸ ಗುಡಿಸ್ಕೊಂಡು ಕೂತಿರ್ತಾನೆ?" ಎಂದ ಮೇಸ್ತ್ರಿ. "ನಮ್ಮದೇ ಒಂದು ಗಾಡಿ ಇದ್ರೆ ಯಾರ ಹಂಗೂ ಇರಲ್ಲ."

ತಾಯಿ ಸೊಪ್ಪಿನ ಪಾತ್ರೆ ಕೆಳಗಿಟ್ಟಳು. ಅವಳು ಒಂದು ಲಾಡ್ಜಿನಲ್ಲಿ ಹಾಸಿಗೆಯ ಬಟ್ಟೆ ಒಗೆದು ಮಡಚುವ ಕೆಲಸದವಳು. ಸೋಪಿನ ನೀರಿಗೆ ಬೆರಳ ತುದಿಗಳು ಬಿಳಿಚಿಕೊಂಡಿದ್ದವು.

"ನಂಗೂ ಹಾಗೇ ಅನ್ಸುತ್ತೆ. ಆದ್ರೆ ಈ ಸಲ ಸರಿಯಾಗಿ ನೋಡ್ಕೋಬೇಕಪ್ಪ ದೊಡ್ಡೋನೇ. ಮನೇಲೇ ಮೇಸ್ತ್ರಿ ಇದ್ದೂ ಅವತ್ತು ನೀನು ಒಂದು ಸಲ ತೋರಿಸಲಿಲ್ಲ."

"ಹೂಂ ಅಮ್ಮ."

ಮೇಸ್ತ್ರಿ ನೀರಿನ ಲೋಟ ಎತ್ತಿ ಗಟಗಟ ಕುಡಿದ.

ದೊಡ್ಡೋನು ಎದ್ದು ತನ್ನ ತಟ್ಟೆ ತೊಳೆದು ಬೋರಲು ಹಾಕಿದ. ಜೈಲಿನಿಂದ ಬಂದ ಮೇಲೆ ಅದೊಂದು ಅಭ್ಯಾಸವಾಗಿತ್ತು. "ಇಡೋ, ನಾನು ತೊಳೀತೀನಿ" ಎಂದು ತಾಯಿ ದಿನಾ ಹೇಳುತ್ತಿದ್ದಳು, ಅವನು ದಿನಾ ತೊಳೆಯುತ್ತಿದ್ದ.

ಆ ಭಾನುವಾರ ಅಜ್ಜಿಯೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಲಾರಿ ನೋಡಲು ಹೋದರು. ಐಸ್ ಫ್ಯಾಕ್ಟರಿಯ ಯಜಮಾನ ಸುಡುಬಿಸಿಲಲ್ಲೂ ಸ್ವೆಟರ್ ಹಾಕಿಕೊಂಡೇ ಬಂದ.

"ಹನ್ನೊಂದು ವರ್ಷ ಬರೀ ಐಸು ಹೊತ್ತಿದೆ. ಈ ಇಂಜಿನ್ನಿಗೆ ಒಂದಿನಾನೂ ತಲೆ ಬಿಸಿಯಾಗಿಲ್ಲ ನೋಡಿ."

"ಕಾಲು ಕೊಳೆತಿದೆಯಲ್ಲ," ಎಂದಳು ಚಿಕ್ಕೋಳು.

ಅವಳು ಹೇಳಿದ್ದು ಸುಳ್ಳಲ್ಲ. ಐಸಿನ ಗಟ್ಟಿಗಳಿಗೆ ಅಂಟಿ ಬಂದ ತೊಟ್ಟಿಯ ಉಪ್ಪುನೀರು ಹಲಗೆಗಳ ಸಂದಿನಿಂದ ತೊಟ್ಟಿಕ್ಕಿ ತೊಟ್ಟಿಕ್ಕಿ ಅಡಿಯ ಕಬ್ಬಿಣವೆಲ್ಲ ಕೆಂಪಾಗಿ, ಕೆಲವು ಕಡೆ ಪದರ ಪದರವಾಗಿ ಏಳುತ್ತಿತ್ತು. ಮೇಸ್ತ್ರಿ ಗೋಣಿಚೀಲ ಹಾಸಿಕೊಂಡು ಲಾರಿಯ ಕೆಳಗೆ ಜಾರಿದ. ಸಣ್ಣ ಸುತ್ತಿಗೆಯಿಂದ ಚಾಸಿಯ ಚೌಕಟ್ಟನ್ನು ಉದ್ದಕ್ಕೂ ತಟ್ಟುತ್ತ ಬಂದ. ಟಣ್, ಟಣ್. ಮೂರನೆಯ ಅಡ್ಡಪಟ್ಟಿಯಲ್ಲಿ ದಬ್ ಎಂದಿತು. ಮತ್ತೆ ತಟ್ಟಿದ. ಮತ್ತೂ ದಬ್.

"ಒಂದು ಅಡ್ಡಪಟ್ಟಿ ಹೋಗಿದೆ," ಎಂದು ಹೊರಬಂದು ಹೇಳಿದ. "ಬದಲಾಯಿಸ್ಬೇಕು. ಉಳಿದದ್ದು ಉಕ್ಕು. ತಿಕ್ಕಿ ಬಣ್ಣ ಹೊಡೆದ್ರೆ ಇನ್ನು ಹತ್ತು ವರ್ಷ."

ಅಷ್ಟರಲ್ಲಿ ಚಿಕ್ಕೋಳು ಕ್ಯಾಬಿನ್ನಿನ ಬಾಗಿಲು ತೆಗೆದು ಕೊಡೆಯ ತುದಿಯಿಂದ ನೆಲ ಒತ್ತಿ ನೋಡಿದಳು. ಕೊಡೆ ತಗಡಿನಲ್ಲಿ ಹೂತು ಅರ್ಧ ಆಚೆ ಹೋಯಿತು. ತೂತಿನಲ್ಲಿ ಕೆಳಗಿನ ಮಣ್ಣು ಕಂಡಿತು.

"ಅಪ್ಪಾ, ಇಲ್ಲಿ ಬಾ. ಕಾಲು ಇಲ್ಲಿ ಇಳಿಬಿಟ್ಕೊಂಡು ಸೈಕಲ್ ಥರ ತಳ್ಕೊಂಡೂ ಹೋಗಬಹುದು."

"ಬೇಸಿಗೇಲಿ ಗಾಳಿ ಬರುತ್ತಮ್ಮ," ಎಂದ ಯಜಮಾನ.

"ತಗಡು ಹೊಡೆದ್ರಾಯ್ತು," ಎಂದ ಮೇಸ್ತ್ರಿ. "ದೊಡ್ಡೋನೇ, ಹತ್ತು. ಒಂದು ಸುತ್ತು ಹಾಕ್ಕೊಂಡು ಬಾ."

ದೊಡ್ಡೋನು ಹತ್ತಿ ಕೂತ. ಎರಡೂ ಕೈ ಸ್ಟೀರಿಂಗ್ ಮೇಲಿಟ್ಟ. ಕೀಲಿ ತಿರುಗಿಸಿದ, ಇಂಜಿನ್ ಒಂದೇ ಸಲಕ್ಕೆ ಶುರುವಾಯಿತು. ಲಾರಿ ನಿಂತಲ್ಲೇ ನಡುಗುತ್ತಿತ್ತು. ಯಜಮಾನ ಗೇಟು ತೆರೆದು ದಾರಿ ಬಿಟ್ಟು ನಿಂತ. ಎಲ್ಲರೂ ಕಾದರು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡೋನು ಇಂಜಿನ್ ಆರಿಸಿ ಕೆಳಗಿಳಿದ.

"ಚೆನ್ನಾಗಿದೆ ಇಂಜಿನ್."

"ಓಡಿಸಲೇ ಇಲ್ಲವಲ್ಲೋ?"

"ಶಬ್ದದಲ್ಲೇ ಗೊತ್ತಾಗುತ್ತೆ. ನೀನೇ ಹೇಳಿದ್ಯಲ್ಲ."

ಕೊನೆಗೆ ಮೇಸ್ತ್ರಿಯೇ ಓಡಿಸಿ ನೋಡಿದ. ಮಾತು ಹೀಗಾಯಿತು: ಮುಂಗಡ ಕೊಟ್ಟು ಲಾರಿಯನ್ನು ಗ್ಯಾರೇಜಿಗೆ ಒಯ್ಯುವುದು, ಬೇಕಾದ ರಿಪೇರಿ ಮಾಡಿಕೊಳ್ಳುವುದು, ತಿಂಗಳೊಳಗೆ ಉಳಿದ ಹಣ ಕೊಡುವುದು. ಬೇಡವೆನಿಸಿದರೆ ಮುಂಗಡ ಹೋಯಿತು ಎಂದುಕೊಳ್ಳುವುದು.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಲಾರಿಯ ಮಾತಿಲ್ಲದೆ ಒಂದು ತುತ್ತೂ ಇಳಿಯಲಿಲ್ಲ. ಹಣ ಇದ್ದದ್ದು ಚಿಕ್ಕೋಳ ಬಳಿ. ಅವಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ಗಾಜಿನ ತೂತಿನಲ್ಲಿ ಜನರೊಡನೆ ಜಗಳವಾಡಿ ಬರುವವಳಿಗೆ ಮನೆಯಲ್ಲೂ ದನಿ ತಗ್ಗಿಸಲು ಬರುತ್ತಿರಲಿಲ್ಲ.

"ಹಿಂದಿನ ಸಲ ಕೂಡಿಟ್ಟದ್ದೆಲ್ಲ ವಕೀಲರಿಗೆ ಹೋಯ್ತು. ನಾನು ಚಕಾರ ಎತ್ತಲಿಲ್ಲ. ಈ ಸಲ ತುಕ್ಕಿಗೆ ಕೊಡು ಅಂದ್ರೆ ಹೇಗೆ?"

"ತುಕ್ಕಿಗಲ್ಲ, ನಿನ್ನ ಅಣ್ಣನಿಗೆ," ಎಂದಳು ತಾಯಿ.

"ಅಣ್ಣ ಕೇಳಿದ್ನಾ? ಅವನು ಬಾಯಿ ಬಿಟ್ಟು ಬೇಕು ಅನ್ಲಿ, ನಾಳೆನೇ ತಂದುಕೊಡ್ತೀನಿ."

ಎಲ್ಲರೂ ದೊಡ್ಡೋನ ಕಡೆ ನೋಡಿದರು. ಅವನು ಅಜ್ಜಿಯ ಉಗುರು ಕತ್ತರಿಸುತ್ತಿದ್ದ. "ಅಪ್ಪ ಹೇಳಿದ ಹಾಗೆ," ಎಂದು, ಮುಂದಿನ ಬೆರಳು ಹಿಡಿದ.

"ನೋಡಿದ್ಯಾ? ಇವನಿಗೆ ಸ್ವಂತ ಅನ್ನೋ ಬಾಯೇ ಇಲ್ಲ."

"ಬಾಯಿ ಇದ್ದೋರೆಲ್ಲ ಏನು ಕಡಿದು ಕಟ್ಟೆ ಹಾಕಿದೀರಿ?" ಎಂದಳು ಅಜ್ಜಿ. ಆ ಮಾತು ಮಾತ್ರ ಅವಳಿಗೆ ಸ್ಪಷ್ಟವಾಗಿ ಕೇಳಿಸಿತ್ತು.

ಚಿಕ್ಕೋಳು ಒಂದು ವಾರ ಬಗ್ಗಲಿಲ್ಲ. ಎರಡನೆಯ ವಾರ ತಾಯಿ ಲಾಡ್ಜಿನಲ್ಲಿ ಭಾನುವಾರವೂ ಕೆಲಸ ಹಿಡಿದಳೆಂದು ಗೊತ್ತಾದಾಗ, ಬ್ಯಾಂಕಿನ ಪುಸ್ತಕ ತಂದು ಊಟದ ಮೇಜಿನ ಮೇಲೆ ಎಸೆದಳು. "ತಗೊಳ್ಳಿ. ಆದ್ರೆ ಆ ಕ್ಯಾಬಿನ್ ನೆಲ ಮೊದಲು ಮಾಡಿಸಿ. ಅಣ್ಣ ತೂತಲ್ಲಿ ಬಿದ್ದು ಹೋದ್ರೆ ನನ್ನ ದುಡ್ಡೂ ಹೋಯ್ತು, ಅಣ್ಣನೂ ಹೋದ."

ಮೇಸ್ತ್ರಿ ನೆಲ ಮೊದಲು ಮಾಡಲಿಲ್ಲ. ಲಾರಿ ಗ್ಯಾರೇಜಿಗೆ ಬಂದ ಮಾರನೆಯ ದಿನ, ಶನಿವಾರ ಮಧ್ಯಾಹ್ನ, ಪೇಟೆಗೆ ಹೋಗಿ ಹೊಚ್ಚ ಹೊಸ ಬ್ರೇಕ್ ಪೈಪುಗಳನ್ನು ಸುರುಳಿ ಸುತ್ತಿಸಿಕೊಂಡು ತಂದ. ಹಳೆಯದನ್ನೆಲ್ಲ ಬಿಚ್ಚಿ ಎಸೆದ. ಬಿಚ್ಚಿದ್ದರಲ್ಲಿ ಅರ್ಧ ಇನ್ನೂ ಚೆನ್ನಾಗಿಯೇ ಇತ್ತು. ದೊಡ್ಡೋನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದ ಸ್ಪ್ಯಾನರ್ ಕೊಡುತ್ತಿದ್ದ. ಇಬ್ಬರ ನಡುವೆ ನಂಬರುಗಳು ಬಿಟ್ಟರೆ ಬೇರೆ ಮಾತಿರಲಿಲ್ಲ.

"ಹನ್ನೆರಡು."

"ತಗೋ."

"ಹದಿನಾಲ್ಕು."

ಗ್ಯಾರೇಜು ಎಂದರೆ ಮನೆಯ ಮುಂಭಾಗಕ್ಕೆ ತಗಡು ಇಳಿಸಿದ ಶೆಡ್ಡು. ಅಡುಗೆಮನೆಯ ಬಾಗಿಲು ನೇರ ಅಲ್ಲಿಗೇ ತೆರೆಯುತ್ತಿತ್ತು. ನಾಲ್ಕು ಗಂಟೆಗೆ ತಾಯಿ ಟೀ ಹಿಡಿದು ಬಂದಳು. ಲಾರಿಯಡಿಯಿಂದ ಗಂಡನ ಎರಡು ಪಾದ ಮಾತ್ರ ಹೊರಗೆ ಕಾಣುತ್ತಿದ್ದವು.

"ಇದೇನ್ರೀ, ಕೂರೋಕೆ ಸರಿಯಾದ ಸೀಟಿಲ್ಲ, ಕಾಲಿಡೋಕೆ ನೆಲ ಇಲ್ಲ, ಬ್ರೇಕ್ ಪೈಪು ಮೊದಲು?"

ಕೆಳಗೆ ಸ್ಪ್ಯಾನರು ತಿರುಗುತ್ತಲೇ ಇತ್ತು. ಅವಳು ಮಗನ ಕೈಗೆ ಟೀ ಕೊಟ್ಟು, ಸುರುಳಿಯಲ್ಲಿ ಉಳಿದಿದ್ದ ಪೈಪನ್ನು ಮುಟ್ಟಿ ನೋಡಿದಳು.

"ಇಷ್ಟೇ ಅಲ್ವೇನೋ ಇದು? ಅರ್ಧ ದಿನದ ಕೆಲಸ. ಅವತ್ತು ಅಪ್ಪನಿಗೆ ಒಂದೇ ಒಂದು ಸಲ ತೋರಿಸಿದ್ದಿದ್ರೆ ಹೀಗೇ ಬದಲಾಯಿಸಿ ಕೊಡ್ತಿದ್ರು. ಆ ಹೆಣ್ಣುಮಗಳೂ ಇರ್ತಿದ್ಲು, ನೀನೂ ಮನೇಲಿರ್ತಿದ್ದೆ."

"ಹೌದಮ್ಮ," ಎಂದ ದೊಡ್ಡೋನು. "ತಪ್ಪಾಯ್ತು."

ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು.

"ತೋರಿಸಿದ್ದ," ಎಂದಿತು ಮೇಸ್ತ್ರಿಯ ದನಿ.

"ಏನಂದ್ರಿ?"

"ತೋರಿಸಿದ್ದ ಕಣೆ."

"ಅಪ್ಪಾ," ಎಂದ ದೊಡ್ಡೋನು. "ಅಪ್ಪಾ, ಸುಮ್ನಿರು."

ತಾಯಿ ಟೀ ತಟ್ಟೆಯನ್ನು ಕೆಲಸದ ಮೇಜಿನ ಮೇಲಿಟ್ಟಳು. "ಈಚೆ ಬನ್ನಿ. ಮುಖ ನೋಡ್ಕೊಂಡು ಹೇಳಿ."

ಮೇಸ್ತ್ರಿ ತೆವಳಿ ಹೊರಬಂದ. ಏಳಲಿಲ್ಲ, ಗೋಣಿಚೀಲದ ಮೇಲೇ ಕೂತ. ಹಣೆಗೆ ಬ್ರೇಕ್ ಎಣ್ಣೆ ಮೆತ್ತಿತ್ತು.

"ಹಿಂದಿನ ದಿನ ಸಾಯಂಕಾಲ ಕರೆದು ತೋರಿಸಿದ. ಅಪ್ಪಾ, ಪೈಪು ಯಾಕೋ ಸರಿ ಕಾಣ್ತಿಲ್ಲ, ನಾಳೆ ಲೋಡ್ ಬಿಡೋಣ ಅಂದ. ನಾನು ಬೆರಳಾಡಿಸಿ ನೋಡಿದೆ. ಕೈಯೆಲ್ಲ ಕೆಂಪಾಯ್ತು. ಒಂದು ತಿಂಗಳು ಏನೂ ಆಗಲ್ಲ, ಸಿಮೆಂಟ್ ಇಳಿಸಿ ಬಾ, ಆಮೇಲೆ ನೋಡೋಣ ಅಂದೆ. ಅವನು ಎರಡು ಸಲ ಕೇಳಿದ. ಎರಡು ಸಲಾನೂ ಅದೇ ಅಂದೆ."

ತಾಯಿ ಮಗನ ಕಡೆ ತಿರುಗಿದಳು. ಅವನು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನೆಲ ನೋಡುತ್ತಿದ್ದ.

"ಕೋರ್ಟಲ್ಲಿ ಇವನು ಹಾಗೆ ಹೇಳ್ತಿದ್ದಾಗ ನೀವು ನನ್ನ ಪಕ್ಕದಲ್ಲೇ ಕೂತಿದ್ರಿ," ಎಂದಳು ಗಂಡನಿಗೆ.

"ಹೂಂ."

"ನನ್ನ ಕೈ ಹಿಡ್ಕೊಂಡಿದ್ರಿ."

"ಹೂಂ."

"ಇಷ್ಟು ವರ್ಷ ನಾನು ಇವನಿಗೆ ಆ ಮಾತು ಅಂದಾಗೆಲ್ಲ ಎದುರಿಗೇ ಇದ್ರಿ."

ಮೇಸ್ತ್ರಿ ಹಣೆಯ ಎಣ್ಣೆಯನ್ನು ತೋಳಿಗೆ ಒರೆಸಿಕೊಂಡ.

"ನಾನೇ ಹೇಳಿದ್ದಮ್ಮ, ಸುಮ್ನಿರು ಅಂತ," ಎಂದ ದೊಡ್ಡೋನು. "ಅಪ್ಪ ಪೊಲೀಸರಿಗೆ ಹೇಳ್ತೀನಿ ಅಂತಾನೇ ಹೊರಟಿದ್ರು. ಓಡಿಸ್ತಿದ್ದೋನು ನಾನು, ನನಗೆ ಹೇಗೂ ತಪ್ಪಲ್ಲ. ಇಬ್ಬರೂ ಒಳಗೆ ಹೋದ್ರೆ ಅಜ್ಜಿನ ಯಾರು ನೋಡೋದು, ಗ್ಯಾರೇಜ್ ಬಾಡಿಗೆ ಯಾರು ಕಟ್ಟೋದು?"

"ನನಗೊಂದು ಮಾತು ಹೇಳಬಹುದಿತ್ತಲ್ಲೋ."

"ಹೇಳಿದ್ರೆ ನೀನು ಅಪ್ಪನ ಜೊತೆ ಇದೇ ಮನೇಲಿ ಇರ್ತಿದ್ಯಾ?"

ದೊಡ್ಡೋನು ತಂದೆಯ ಕಡೆ ತಿರುಗಿದ. ಜೈಲಿನಿಂದ ಬಂದ ಮೇಲೆ ಮೊದಲ ಸಲ ಅವನ ದನಿ ಏರಿತು.

"ಯಾಕೆ ಹೇಳಿದೆ? ಮುಗಿಸಿ ಬಂದಿದ್ದೆನಲ್ಲ! ಎಲ್ಲಾ ಮುಗಿದಿತ್ತಲ್ಲ! ಎರಡು ವರ್ಷ ನಾನು ಒಳಗಿದ್ದದ್ದು ಯಾವುದಕ್ಕೆ, ಹೇಳು, ಈಗ ಹೀಗೆ ಟೀ ಕುಡೀತಾ ಎಲ್ಲಾ ಒಡೆದು ಹಾಕೋಕಾ?"

ಗದ್ದಲಕ್ಕೆ ಚಿಕ್ಕೋಳು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಎಷ್ಟು ಕೇಳಿಸಿಕೊಂಡಿದ್ದಳೋ, ಅವಳ ಮುಖದಲ್ಲಿ ಎಂದಿನ ಗಡಸು ಇರಲಿಲ್ಲ.

"ಅಣ್ಣ," ಎಂದಳು, "ನಿನಗೆ ಈ ಲಾರಿ ಬೇಕಾ? ನಿಜ ಹೇಳು."

"ಬೇಡ. ಸ್ಟೀರಿಂಗ್ ಹಿಡಿದ್ರೆ ಕಾಲು ಬ್ರೇಕ್ ಮೇಲಿಂದ ಏಳಲ್ಲ. ಅವತ್ತು ಐಸ್ ಫ್ಯಾಕ್ಟರೀಲೂ ಏಳಲಿಲ್ಲ."

"ಮತ್ತೆ ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?"

"ಅಪ್ಪನಿಗೆ ಬೇಕಿತ್ತು."

"ನನಗಾ?" ಎಂದ ಮೇಸ್ತ್ರಿ. "ನಿನಗೋಸ್ಕರ ಅಲ್ವೇನೋ ಇಷ್ಟೆಲ್ಲ?"

ಯಾರೂ ಟೀ ಮುಟ್ಟಲಿಲ್ಲ.

ಮೇಸ್ತ್ರಿ ಮುಂದಿನ ಎರಡು ದಿನ ಒಬ್ಬನೇ ಕೂತು ಪೈಪಿನ ಕೆಲಸ ಮುಗಿಸಿದ. ಆಮೇಲೆ ಲಾರಿಯನ್ನು ತಾನೇ ಓಡಿಸಿಕೊಂಡು ಹೋಗಿ ಐಸ್ ಫ್ಯಾಕ್ಟರಿಯ ಗೇಟಿನ ಬಳಿ ನಿಲ್ಲಿಸಿ ಕೀಲಿ ಕೊಟ್ಟ.

"ಯಾಕೆ ಮೇಸ್ತ್ರಿ, ತುಕ್ಕು ಜಾಸ್ತಿ ಆಯ್ತಾ?" ಎಂದ ಯಜಮಾನ. "ಮುಂಗಡ ವಾಪಸ್ ಕೊಡೋ ಮಾತಿರಲಿಲ್ಲ, ನೆನಪಿರಲಿ."

"ಬೇಡ."

"ಹೊಸ ಪೈಪು ಹಾಕಿದ ಹಾಗಿದೆ? ಬಿಚ್ಕೊಂಡು ಹೋಗ್ತೀರಾ?"

"ಇರಲಿ. ಆ ಮೂರನೇ ಅಡ್ಡಪಟ್ಟಿ ಹೋಗಿದೆ. ಕೊಳ್ಳೋರಿಗೆ ಹೇಳಿ ಕೊಡಿ."

ಯಜಮಾನ ಹೂಂ ಎಂದ. ಹೇಳಿಯೇ ಕೊಟ್ಟನೋ ಇಲ್ಲವೋ, ಹತ್ತು ದಿನದಲ್ಲಿ ಲಾರಿ ಯಾರಿಗೋ ಮಾರಾಟವಾಯಿತು.

ಮನೆಯಲ್ಲಿ ತಾಯಿ ಗಂಡನೊಡನೆ ಮಾತು ಬಿಟ್ಟಳು. ಅಡುಗೆ ಮಾಡುತ್ತಿದ್ದಳು, ಬಡಿಸುತ್ತಿದ್ದಳು, ಅವನ ಎಣ್ಣೆಮೆತ್ತಿದ ಅಂಗಿ ಒಗೆಯುತ್ತಿದ್ದಳು. ಮಾತು ಮಾತ್ರ ಅಜ್ಜಿಯ ಮೂಲಕ.

"ಅತ್ತೆ, ನಿಮ್ಮ ಮಗನಿಗೆ ಇನ್ನೂ ಅನ್ನ ಬೇಕಾ ಕೇಳಿ."

ಮೊದಮೊದಲು ಅಜ್ಜಿ ಕೇಳುತ್ತಿದ್ದಳು. ಒಂದು ದಿನ ಸಾಕಾಗಿ, "ನನಗೆ ಕಿವಿ ಕೇಳಿಸಲ್ಲ, ನೀವು ನೀವೇ ಮಾತಾಡ್ಕೊಳ್ಳಿ," ಎಂದುಬಿಟ್ಟಳು. ಅಂದಿನಿಂದ ಮೇಸ್ತ್ರಿ ಬಡಿಸಿದಷ್ಟೇ ತಿಂದು ಏಳತೊಡಗಿದ.

ಅವನು ವಕೀಲರಲ್ಲಿಗೆ ಹೋದ. ವಕೀಲರು ಕನ್ನಡಕ ತೆಗೆದು ಒರೆಸಿದರು.

"ಮುಗಿದ ಕೇಸು ಮೇಸ್ತ್ರಿ ಅದು. ಈಗ ಹೋಗಿ ಹೀಗೆ ಹೇಳಿದ್ರೆ ಮೊದಲು ಕರೆಯೋದು ನಿಮ್ಮ ಮಗನ್ನೇ. ಕೋರ್ಟಲ್ಲಿ ಸುಳ್ಳು ಹೇಳಿದ್ಯಲ್ಲ ಅಂತಾರೆ. ಅವನನ್ನ ಇನ್ನೊಂದು ಸಲ ಕಟಕಟೆ ಹತ್ತಿಸ್ತೀರಾ?"

"ಹಾಗಾದ್ರೆ ನಾನು ಎಲ್ಲಿ ಹೇಳ್ಲಿ?"

"ಅದು ನನ್ನ ಕೈಲಿಲ್ಲ," ಎಂದರು ವಕೀಲರು. ಫೀಸು ತೆಗೆದುಕೊಳ್ಳಲಿಲ್ಲ.

ಸತ್ತ ಹೆಂಗಸಿನ ಗಂಡ ಪುಸ್ತಕ ಬೈಂಡ್ ಮಾಡುವವನು. ಗಿರಣಿಯ ಹಿಂದಿನ ಬೀದಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಅವನ ಕೆಲಸ. ಮೇಸ್ತ್ರಿ ಹೋದಾಗ ದಪ್ಪ ಲೆಡ್ಜರುಗಳ ಬೆನ್ನಿಗೆ ಬಟ್ಟೆ ಅಂಟಿಸುತ್ತಿದ್ದ. ಬಂದವನು ಯಾರೆಂದು ಗುರುತು ಹಿಡಿದ, ಕೂರಿ ಎನ್ನಲಿಲ್ಲ. ಮೇಸ್ತ್ರಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದ, ಹೆಂಡತಿಗೆ ಹೇಳಿದ್ದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಬೈಂಡರು ಅಂಟಿನ ಕುಂಚವನ್ನು ಡಬ್ಬಿಯೊಳಗಿಟ್ಟ.

"ನಿಮ್ಮ ಮಗ ಬಿಡುಗಡೆಯಾದ ಮೂರನೇ ದಿನ ಬಂದಿದ್ದ. ಗೊತ್ತಾ ನಿಮಗೆ?"

"ಇಲ್ಲ."

"ನೀವು ನಿಂತಿರೋ ಕಡೆನೇ ನಿಂತ. ಎಲ್ಲಾ ನನ್ನದೇ ತಪ್ಪು ಅಂದ. ನಾನು ಎದ್ದು ಹೋಗಿ ಕೆನ್ನೆಗೆ ಬಾರಿಸಿದೆ. ಎರಡು ಸಲ. ಅವನು ಕೈ ಅಡ್ಡ ಹಿಡೀಲಿಲ್ಲ. ಹೋಗುವಾಗ ಚಪ್ಪಲಿ ಹಾಕ್ಕೊಳ್ಳೋದೂ ಮರೆತು ಹೋದ. ಆ ದಿನದಿಂದ ನನಗೆ ಸರಿಯಾಗಿ ಊಟ ಸೇರ್ತಿದೆ, ನಿದ್ದೆ ಬರ್ತಿದೆ. ಹೊಡೆದೆನಲ್ಲ, ಅಷ್ಟಾದ್ರೂ ಆಯ್ತಲ್ಲ ಅಂತ." ಅವನು ಅಂಟಿದ ಬೆರಳುಗಳನ್ನು ಬಟ್ಟೆಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. "ಈಗ ನೀವು ಬಂದು ಹೀಗಂತೀರಿ. ನಾನು ಏನ್ಮಾಡ್ಲಿ? ನಿಮಗೂ ಹೊಡೀಲಾ?"

"ಹೊಡೀರಿ."

ಬೈಂಡರು ಎದ್ದು ಹತ್ತಿರ ಬಂದ. ಮೇಸ್ತ್ರಿಯ ನರೆತ ಗಡ್ಡವನ್ನೂ ಕುಗ್ಗಿದ ಭುಜವನ್ನೂ ನೋಡಿದ.

"ಹೋಗಿ," ಎಂದ. "ನನ್ನ ಕೈಲಾಗಲ್ಲ. ದಯವಿಟ್ಟು ಹೋಗಿ."

ಮೇಸ್ತ್ರಿ ಮನೆಗೆ ಬಂದು, ಊಟಕ್ಕೆ ಕೂತವರೆಲ್ಲರ ಎದುರಿಗೆ ಇದನ್ನೂ ಹೇಳಿದ. ಇನ್ನು ಏನನ್ನೂ ಒಳಗಿಟ್ಟುಕೊಳ್ಳಬಾರದು ಎಂದು ನಿಶ್ಚಯಿಸಿದವನಂತೆ ಹೇಳಿದ. ಚಿಕ್ಕೋಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದು ಹೋದಳು. ದೊಡ್ಡೋನು, "ಹಳೇದು, ಬಿಡಿ," ಎಂದ. ತಾಯಿ ಮಗಳ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟಳು.

ದೊಡ್ಡೋನಿಗೆ ಮರದ ಅಡ್ಡೆಯಲ್ಲಿ ಹಲಗೆ ಎಣಿಸಿ ಜೋಡಿಸುವ ಕೆಲಸ ಸಿಕ್ಕಿತು. ನಡೆದೇ ಹೋಗಿ ನಡೆದೇ ಬರುತ್ತಿದ್ದ. ಮೇಸ್ತ್ರಿ ಬ್ರೇಕಿನ ಕೆಲಸ ಹಿಡಿಯುವುದನ್ನು ಬಿಟ್ಟ. ಯಾರಾದರೂ ಬಂದರೆ, "ಮುಂದಿನ ಸರ್ಕಲ್ಲಲ್ಲಿ ಇನ್ನೊಂದು ಗ್ಯಾರೇಜ್ ಇದೆ, ಅಲ್ಲಿ ತೋರಿಸಿ," ಎನ್ನುತ್ತಿದ್ದ. ಬರುವವರು ಕಡಿಮೆಯಾದರು.

ಒಂದು ರಜೆಯ ದಿನ ತಾಯಿ ಲಾಡ್ಜಿನ ಹರಿದ ಹಾಸುಬಟ್ಟೆಗಳನ್ನು ಹೊಲಿಯಲು ಮನೆಗೆ ತಂದಿದ್ದಳು. ಹೊಲಿದದ್ದನ್ನು ಮಡಚಲು ದೊಡ್ಡೋನು ಎದುರು ತುದಿ ಹಿಡಿದ. ನಾಲ್ಕೈದು ಮಡಚಿಟ್ಟರು.

"ಜೈಲಿಗೆ ಬಂದಾಗೆಲ್ಲ ಅಂದೆ ಅಲ್ವಾ ನಾನು ಆ ಮಾತು," ಎಂದಳು ತಾಯಿ. "ತೋರಿಸಬಾರದಿತ್ತಾ, ತೋರಿಸಬಾರದಿತ್ತಾ ಅಂತ. ಜಾಲರಿ ಆಚೆ ನೀನು ತಲೆ ತಗ್ಗಿಸ್ಕೊಂಡು ಕೂತಿರ್ತಿದ್ದೆ. ಇವನಿಗೆ ನಾಚಿಕೆ ಆಗ್ತಿದೆ, ಆಗ್ಲಿ ಅಂದ್ಕೋತಿದ್ದೆ."

"ಬಿಡಮ್ಮ. ನೀನು ಬರ್ತಿದ್ಯಲ್ಲ. ಏನಾದ್ರೂ ಅನ್ನೋಕಾದ್ರೂ ಬರ್ತಿದ್ದೆ." ಅವನು ಬಟ್ಟೆಯ ಅಂಚು ಸರಿ ಮಾಡಿದ. "ಅಪ್ಪ ಒಂದು ಸಲಾನೂ ಬರಲಿಲ್ಲ."

ತಾಯಿ ಮಡಚುವುದನ್ನು ನಿಲ್ಲಿಸಿದಳು.

"ಬರ್ತಿದ್ರು."

"ಎಲ್ಲಿಗೆ?"

"ಗೇಟಿನ ತನಕ. ಎದುರಿಗೆ ಒಂದು ಟೀ ಅಂಗಡಿ ಇತ್ತಲ್ಲ, ಅದರ ಬೆಂಚಲ್ಲಿ ಕೂತಿರ್ತಿದ್ರು. ಬನ್ನಿ ಅಂದ್ರೆ ಕಾಲು ಬರಲ್ಲ ಕಣೆ ಅಂತಿದ್ರು. ನಿನಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ಗಂಡಸರು ಅಳೋದನ್ನ ಮಕ್ಕಳು ನೋಡಬಾರದು ಅಂತ ಇರಬಹುದು ಅಂದ್ಕೊಂಡಿದ್ದೆ."

"ಪ್ರತಿ ಸಲಾನಾ?"

"ಪ್ರತಿ ಸಲ."

ದೊಡ್ಡೋನು ಬಟ್ಟೆಯನ್ನು ತಾಯಿಯ ಮಡಿಲಿಗೆ ಹಾಕಿ ಗ್ಯಾರೇಜಿಗೆ ಹೋದ. ಮೇಸ್ತ್ರಿ ಯಾರದೋ ನೀರಿನ ಪಂಪು ಬಿಚ್ಚಿಕೊಂಡು ಕೂತಿದ್ದ. ಮಗ ಬಂದು ಎದುರಿಗೆ ನಿಂತದ್ದು ಕಂಡು ಎದ್ದು ನಿಂತ.

"ಅಷ್ಟು ದೂರ ಬಂದು ಒಳಗೆ ಯಾಕೆ ಬರಲಿಲ್ಲ?"

ಮೇಸ್ತ್ರಿಗೆ ಮಾತು ಯಾವುದರದ್ದೆಂದು ತಕ್ಷಣ ಗೊತ್ತಾಯಿತು. ಕೈಯಲ್ಲಿದ್ದ ಬೋಲ್ಟನ್ನು ಮೇಜಿನ ಮೇಲಿಟ್ಟ.

"ಏನೂ ಆಗೇ ಇಲ್ಲ ಅನ್ನೋ ಹಾಗೆ ನನ್ನ ನೋಡಿ ನೀನು ನಕ್ಕುಬಿಟ್ರೆ ಏನ್ಮಾಡ್ಲಿ ಅಂತ."

ಮಗ ನಗಲಿಲ್ಲ. ತಂದೆಯ ಪಕ್ಕದಲ್ಲಿ ಒಂದು ಮೊಳ ಜಾಗ ಬಿಟ್ಟು ಬೆಂಚಿನ ಮೇಲೆ ಕೂತ. ಮೇಸ್ತ್ರಿಯೂ ಕೂತ. ತಗಡಿನ ಶೆಡ್ಡು ಬಿಸಿಲಿಗೆ ಕಾದಿತ್ತು. ರಸ್ತೆಯಲ್ಲಿ ಗಾಡಿಗಳು ಹೋಗುತ್ತಿದ್ದವು, ಬರುತ್ತಿದ್ದವು. ಇಬ್ಬರೂ ಅವನ್ನೇ ನೋಡುತ್ತ, ಒಳಗಿನಿಂದ ತಾಯಿ ಮಗನೊಬ್ಬನನ್ನೇ ಊಟಕ್ಕೆ ಕರೆಯುವವರೆಗೂ ಹಾಗೇ ಕೂತಿದ್ದರು.